ಕಡವೆಗೆ ಕಟ್ಟಿದ ತಂತಿ

ಆ ಬೆಳಿಗ್ಗೆ ಕೂಗಿದ್ದು ಯಾರೆಂದು ಇವತ್ತಿಗೂ ನನಗೆ ಖಾತ್ರಿಯಿಲ್ಲ. ಹಲಸೂರಿನ ಕ್ಷೌರದಂಗಡಿಯಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತಾಗೆಲ್ಲ, ನೆಲದ ಮೇಲಿನ ಕೂದಲು ಕಂಡು ಕಣ್ಣು ಮುಚ್ಚಿಕೊಳ್ಳುತ್ತೇನೆ. ಕೂದಲಿಗೆ ಹೆದರುವ ಎಂ.ಎ. ಪದವೀಧರನೆಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ.

ಕೆ.ಆರ್. ಪುರದ ನಮ್ಮ ಹೊಲದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಚಿಕ್ಕಪ್ಪ ಸುಮ್ಮನೆ ಕೂರಲಾರದೆ ಹೊಸೂರಿನಾಚೆ ಕಾಡಂಚಿನಲ್ಲಿ ಜಮೀನು ಕೊಂಡು ರಾಗಿ, ಅವರೆ ಬಿತ್ತಿದರು. ಅಲ್ಲಿಯ ಕಡವೆಗಳನ್ನು ಒಂದು ಕಾಲಕ್ಕೆ ಬೇಟೆಯಾಡಿ ಮುಗಿಸಿದ್ದರಂತೆ. ಬೇಟೆ ನಿಂತಿತು, ಕಾಡು ಚಿಗುರಿತು, ಕುದುರೆಯಂಥ ಆ ಜಿಂಕೆಗಳು ಮರಳಿದವು. ಓದಿದವನಾಗಿ ನಾನು ಸಂತೋಷಪಟ್ಟೆ, ತೆನೆಯೇ ಇಲ್ಲದ ರಾಗಿಕಡ್ಡಿಗಳನ್ನು ನೋಡುವವರೆಗೆ.

ಹೊಲದ ಸುತ್ತ ಕೂದಲು ಚೆಲ್ಲಿದರೆ ಕಾಡುಪ್ರಾಣಿ ಬರುವುದಿಲ್ಲವೆಂದು ಚಿಕ್ಕಪ್ಪನಿಗೆ ಯಾರೋ ಹೇಳಿದ್ದರು. ಶಿವಾಜಿನಗರದ ಅಂಗಡಿಗಳಿಂದ ಮೂಟೆಗಟ್ಟಲೆ ಕೂದಲು ಸಾಗಿಸಿದವನು ನಾನು. ಕಡವೆಗಳು ಅದನ್ನು ತುಳಿದುಕೊಂಡೇ ಬಂದು ಮೇಯ್ದವು.

"ಅದು ಹಂದಿಗೆ ಮಾಡೋದು ಕಣ್ರೀ," ಎಂದರು ಚಿಕ್ಕಮ್ಮ ಗಂಡನಿಗೆ. "ಹಂದಿ ನೆಲ ಮೂಸತ್ತೆ, ಮೂಗಿಗೆ ಹೋಗತ್ತೆ. ಇದು ತಲೆ ಎತ್ಕೊಂಡು ಊಟ ಮಾಡತ್ತೆ, ದೊಡ್ಡ ಮನುಷ್ಯರ ಥರ."

ಆ ಮಾತು ಚಿಕ್ಕಪ್ಪನಿಗೆ ನಾಟಿತು. ಬೇಲಿಯ ತಂತಿಗೆ ಮೋಟಾರು ಮನೆಯಿಂದ ಕರೆಂಟು ಕೊಟ್ಟರು. ಸಂಜೆ ಹಾಕುವುದು, ಬೆಳಗಾಗುವ ಮೊದಲು ತೆಗೆಯುವುದು. ತಪ್ಪೆಂದು ಹೇಳಿದೆ, ಕಾನೂನು ಹೇಳಿದೆ, ಕೇಳಲಿಲ್ಲ. ಒಂದು ದಿನ ತೆಗೆಯಲು ಮರೆತರೆ? ಆ ಪ್ರಶ್ನೆ ನನ್ನ ನಿದ್ದೆ ತಿಂದಿತು.

ಅದೊಂದು ಬೆಳಿಗ್ಗೆ, ಮಂಜಿನಲ್ಲಿ ಬದುವಿನ ಮೇಲೆ ಬರುತ್ತಿದ್ದೆ. ಎದುರಿಗೆ ಚಿಕ್ಕಮ್ಮ, ಅವರೆಕಾಯಿಗೆಂದು ಪುಟ್ಟಿ ಹಿಡಿದು, ತಂತಿ ಎತ್ತಿ ನುಸುಳಲೆಂದು ಬಗ್ಗಿ ಕೈ ಚಾಚುತ್ತಿದ್ದರು. ಕರೆಂಟು ತೆಗೆಯಬೇಕಿದ್ದ ಚಿಕ್ಕಪ್ಪನ ಗೊರಕೆ ಮೋಟಾರು ಮನೆಯಿಂದ ಕೇಳಿಸುತ್ತಿತ್ತು. ಕೂಗಲೆಂದು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಬೇಲಿಯಾಚೆ ಕೊಂಬಿನ ಕಡವೆಯೊಂದು 'ಢಾಂಕ್' ಎಂದಿತು. ಚಿಕ್ಕಮ್ಮ ಬೆಚ್ಚಿ ಕೈ ಹಿಂತೆಗೆದರು.

ಇದು ನನ್ನ ನೆನಪು. ಚಿಕ್ಕಮ್ಮನ ಪ್ರಕಾರ ಅಲ್ಲಿ ಕಡವೆಯೇ ಇರಲಿಲ್ಲ. "ನೀನೇ ಕಣೋ ಕಿರುಚಿದ್ದು, ಕತ್ತು ಹಿಸುಕ್ದಂಗೆ." ಚಿಕ್ಕಪ್ಪ ಇಬ್ಬರನ್ನೂ ನಂಬುವುದಿಲ್ಲ, ಕರೆಂಟೇ ಹೋಗಿತ್ತು, ಸುಮ್ಮನೆ ಹೆದರಿದಿರಿ ಎನ್ನುತ್ತಾರೆ. ಆದರೂ ಅಂದೇ ಮಧ್ಯಾಹ್ನ ತಂತಿ ಬಿಚ್ಚಿದರು. ಈಗ ಕಾಡಿನ ಕಡೆಯ ಸಾಲುಗಳು ಕಡವೆಗಳ ಪಾಲು, ಬೈಯುತ್ತಲೇ ಬಿತ್ತುತ್ತಾರೆ.

ಭಯ ನನ್ನ ನೆನಪನ್ನು ತಿದ್ದಿರಬಹುದು. ಹೋದ ವಾರ ಪಕ್ಕದ ಜಮೀನಿನವರನ್ನು ಕೇಳಿದೆ. ತಂತಿ ಬಿಚ್ಚಲು ಕೈಜೋಡಿಸಿದ್ದವರು ಅವರೇ, ಆ ದಿನ ಅವರಿಗೆ ನೆನಪಿದೆ. ಬೆಳಿಗ್ಗೆ ಕೂಗಿದ್ದು ಮನುಷ್ಯನೋ ಪ್ರಾಣಿಯೋ, ಕೇಳಿಸಿತ್ತೇ ಎಂದೆ.

"ಎಲ್ ಕೇಳ್ಸುತ್ತೆ ಸಾರ್? ಟೊಮೆಟೊಗೆ ನೀರು ಬಿಟ್ಟಿದ್ದೆ, ಮೋಟ್ರು ಓಡ್ತಿತ್ತಲ್ಲ."

ನಮ್ಮಿಬ್ಬರ ಮೋಟಾರಿಗೂ ಒಂದೇ ಲೈನು. ಆ ಬೆಳಿಗ್ಗೆ ಕರೆಂಟು ಇತ್ತು.