ನಾಲ್ಕನೇ ಕೊಳಗ

ನಂಬದಿದ್ದರೆ ಬೇಡ. ಸುಳ್ಳು ಹೆಣೆಯುವಷ್ಟು ಶಕ್ತಿ ಆ ದಿನಗಳಲ್ಲಿ ನನಗೆ ಇರಲೇ ಇಲ್ಲ.

ತೊಂಬತ್ತರ ದಶಕ. ನಾನು ಗುಂಡ್ಲುಪೇಟೆಯಲ್ಲಿ ಮೇಷ್ಟ್ರು. ಹೆಂಡತಿ ಸುಶೀಲೆಯ ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಅವಳ ಕಿಡ್ನಿಗಳನ್ನು ತಿನ್ನುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮೈಸೂರಿನ ಆಸ್ಪತ್ರೆಯಲ್ಲಿ ಅವಳ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಅದರೊಳಗಿನ ಹಳದಿ ನೀರು, ಅಂದರೆ ಪ್ಲಾಸ್ಮಾ, ತೆಗೆದು ಬೇರೆಯವರದ್ದನ್ನು ತುಂಬುತ್ತಿದ್ದರು. ಐದು ಸಲವಾದರೂ ಬೇಕು ಎಂದಿದ್ದರು ಡಾಕ್ಟರು. ಪ್ರತಿ ಸಲವೂ ರಕ್ತ ಕೊಡುವವರನ್ನು ನಾನೇ ಹುಡುಕಿ ತರಬೇಕು. ಓಡಾಡಿ ಓಡಾಡಿ ನಿಂತಲ್ಲೇ ತೂಕಡಿಸುತ್ತಿದ್ದೆ.

ನಮ್ಮ ಗುಂಡ್ಲುಪೇಟೆಯ ಮಂಡಿಯಲ್ಲಿ ರಾಗಿ ಅಳೆಯುವ ಮಾದಪ್ಪಣ್ಣ ಮೊದಲ ಸಲವೇ ಬಂದು ರಕ್ತ ಕೊಟ್ಟಿದ್ದರು. ಸುಶೀಲೆಯನ್ನು ಮಾತ್ರ ನೋಡಿರಲಿಲ್ಲ, ವಾರ್ಡಿನೊಳಗೆ ಬಿಟ್ಟಿರಲಿಲ್ಲ. ನಾಲ್ಕನೇ ಸಲದ ದಿನ ಬೆಳಿಗ್ಗೆ ಮಂಡಿಗೆ ಹೋದೆ. ಕೊಳಗ ತುಂಬಿ, ಅಂಗೈಯಿಂದ ರಾಗಿಯ ತಲೆ ಸವರಿ, "ಲಾಭ... ಎಲ್ಡು..." ಎಂದು ಎಣಿಸುತ್ತಿದ್ದರು. ಅಳೆಯುವವರು ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ.

"ಐದ್ನೇದುಕ್ಕೆ ಜನಾವ ನಾನ್ ಕರ್ಕಬತ್ತೀನಿ ನಾಳಿಕೆ. ನೀವ್ ಒಸಿ ಮನಿಕಳಿ ಮೇಷ್ಟ್ರೇ," ಎಂದರು. ನನಗೆ ಅಳು ಬಂದುಬಿಟ್ಟಿತು.

ಆ ರಾತ್ರಿ ಆಸ್ಪತ್ರೆಯಲ್ಲಿ ಯಂತ್ರ ನಿಂತ ಮೇಲೆ ಸುಶೀಲೆಯ ಮಂಚದ ಕಂಬಿಗೆ ತಲೆಯಾನಿಸಿ ಕೂತಿದ್ದೆ. ಫಿನಾಯಿಲ್ ವಾಸನೆ... ಅದರ ನಡುವೆ ರಾಗಿ ಹೊಟ್ಟಿನ ಘಾಟು. ಗಂಟಲು ಕೆರೆಯಿತು.

"ಲಾಭ..."

ಕಣ್ಣುಬಿಟ್ಟೆ. ಸುಶೀಲೆ ನಿದ್ದೆಯಲ್ಲೇ ಅಂಗೈಯಿಂದ ಗಾಳಿಯನ್ನು ಸವರುತ್ತಿದ್ದಳು, ಮೆಲ್ಲಗೆ, ಮಟ್ಟವಾಗಿ.

"ಎಲ್ಡು... ಮೂರು... ನಾಕು..."

ಕೈ ನಿಂತಿತು.

"ಐದು ಬ್ಯಾಡ. ಮನಿಕಳಿ ಮೇಷ್ಟ್ರೇ."

ಮೈಸೂರು ಪಟ್ಟಣದಲ್ಲಿ ಬೆಳೆದವಳು, ಹಳ್ಳಿಯ ಈ ಮಾತು ಅವಳದ್ದಲ್ಲ. ನನ್ನನ್ನು ಒಂದು ದಿನವೂ ಮೇಷ್ಟ್ರೇ ಎಂದವಳಲ್ಲ.

ನರ್ಸ್ ಬಾಗಿಲಿಗೆ ಬಂದು ಪಿಸುಗುಟ್ಟಿದಳು, "ನಿಮ್ ಜೊತೆ ಇನ್ನೊಬ್ರು ಗಂಡಸರು ಯಾರ್ರೀ ಮಾತಾಡಿದ್ದು?"

ಬೆಳಿಗ್ಗೆ ಮೂತ್ರ ಚೆನ್ನಾಗಿ ಹೋಗಿತ್ತು, ಕಿಡ್ನಿಗಳು ಚೇತರಿಸಿಕೊಳ್ಳುತ್ತಿದ್ದವು. ಐದನೆಯದು ಬೇಡ ಎಂದರು ಡಾಕ್ಟರು. ಹೇಳೋಣವೆಂದು ಗೇಟಿನಲ್ಲಿ ಮಾದಪ್ಪಣ್ಣನಿಗಾಗಿ ಕಾದೆ. ಬರಲಿಲ್ಲ. ಸಂಜೆ ಬಸ್ಸು ಹಿಡಿದು ಮಂಡಿಗೆ ಹೋದರೆ ಅವರ ಕೊಳಗ ಬೋರಲು ಬಿದ್ದಿತ್ತು.

"ರಾತ್ರಿ ಎದೆನೋವು ಅಂದ್ರು, ಓಗ್ಬುಟ್ರು ಕಣ ಮೇಷ್ಟ್ರೇ," ಎಂದ ಹಮಾಲಿ. "ನಿಮ್ಗೆ ಜನಾವ ಒಂದಿಸ್ಬುಟ್ಟೇ ಮನಿಕಂಡಿದ್ರು."

ಸುಶೀಲೆ ಈಗ ಚೆನ್ನಾಗಿದ್ದಾಳೆ. ಆ ರಾತ್ರಿಯ ನೆನಪು ಅವಳಿಗಿಲ್ಲ, ನಾನೂ ಹೇಳಿಲ್ಲ. ಆದರೆ ನೆಂಟರು ಬಂದು ಐದು ಪಾವು ಅಕ್ಕಿ ಬೇಕಾದ ದಿನ, ಅಂಗೈಯಿಂದ ಅಕ್ಕಿಯ ತಲೆ ಸವರಿ ಸವರಿ ನಾಲ್ಕು ಅಳೆದು, ಪಾವನ್ನು ನನ್ನ ಕೈಗಿಡುತ್ತಾಳೆ.

"ಇದೊಂದು ನೀವೇ ಹಾಕಿ."

ಯಾಕೆ ಎಂದು ಕೇಳಲು ನನಗೆ ಇವತ್ತಿಗೂ ಧೈರ್ಯವಿಲ್ಲ...