ಕಾಗದದ ಗಿಣಿ

ಪಕ್ಕದ ಮನೆಯ ಕೂಸಿಗೆ ಎರಡು ವರ್ಷ ತುಂಬುವ ದಿನ ಗಿಣಿಯ ವೇಷ ಹೊಲಿದುಕೊಡುತ್ತೇನೆ ಎಂದು ನಾನೇ ಬಾಯಿ ಹಾಕಿದ್ದೆ. ಯಾರೂ ಕೇಳಿರಲಿಲ್ಲ. ಈಗ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನಿಸುತ್ತದೆ.

ಲಿಂಗಸುಗೂರಿನಲ್ಲಿ ನಾವು ಮನೆ ಕಟ್ಟಿಸಿ ಆಗ ಮೂರು ವರ್ಷ. ನಾನು ಮಸ್ಕಿ ಕಡೆಯ ಹಳ್ಳಿಯೊಂದರಲ್ಲಿ ಸರಕಾರಿ ಶಾಲೆಯ ಟೀಚರು, ದಿನಾ ಬಸ್ಸು. ಇಡೀ ಓಣಿಯಲ್ಲಿ ಗೋಡೆಗೆ ಬುದ್ಧನ ಫೋಟೊ ಹಾಕಿದ ಮನೆ ನಮ್ಮದೊಂದೇ. ನಾವು ಯಾವ ಜಾತಿಯ ಮಂದಿ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಫೋಟೊ ನೋಡಿದ ಮೇಲೆ ಕೇಳುವುದೇನಿತ್ತು? ಪಕ್ಕದವರದು ಕಿರಾಣಿ ಅಂಗಡಿ, ಮುಂಜಾನೆ ಲಿಂಗಪೂಜೆ ಆಗದೆ ನೀರು ಮುಟ್ಟದ ಮನೆ. ಅವರ ಕೂಸು ಮಾತ್ರ ಹೆಜ್ಜೆ ಹಾಕಲು ಕಲಿತ ದಿನದಿಂದ ನಮ್ಮ ಮನೆಯಲ್ಲೇ.

ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಗೇಟು ಬಡಿಯುತ್ತಿದ್ದಳು. ಅವಳಿಗೆಂದೇ ಒಂದು ಗಿಣಿಯ ಕತೆ ಕಟ್ಟಿದ್ದೆ. ಆ ಗಿಣಿ ಮನೆಮನೆಯ ಕಿಟಕಿಯಲ್ಲಿ ಕೂತು "ಊಟ ಆತೇನ್ರೀ?" ಎಂದು ಕೇಳಿ ಹಾರಿಹೋಗುತ್ತದೆ, ಅಷ್ಟೇ ಕತೆ. ದಿನಕ್ಕೆ ಹತ್ತು ಸಲ ಹೇಳಿಸುತ್ತಿದ್ದಳು, ಹೇಳುತ್ತಲೇ ಹಾಲುರೊಟ್ಟಿ ತಿನ್ನಿಸುತ್ತಿದ್ದೆ. ಅವಳ ತಾಯಿ ಕಾಂಪೌಂಡಿನಾಚೆಯಿಂದ ಮೆಲ್ಲಗೆ, "ಟೀಚರ್ರೀ, ಬಾಯಿ ಒರೆಸಿ ಕಳಸ್ರಿ, ನಮ್ಮತ್ತಿ ನೋಡ್ತಾರ" ಎನ್ನುತ್ತಿದ್ದಳು. ಅದರ ಅರ್ಥ ತಿಳಿಯದಷ್ಟು ದಡ್ಡಿ ನಾನಲ್ಲ. ತಿಳಿಯದವಳ ಹಾಗೆ ಇದ್ದೆ. ನನಗೆ ಮಕ್ಕಳಿಲ್ಲ, ಅದನ್ನೇಕೆ ಮುಚ್ಚಿಡಲಿ. ಆ ಕೂಸಿಗಾಗಿ ಏನನ್ನಾದರೂ ನುಂಗಿಕೊಳ್ಳುತ್ತಿದ್ದೆ.

ವೇಷಕ್ಕೆ ಕುಂಚಿಗೆಯ ಅಳತೆ ಹಿಡಿದೆ. ಕೂಸುಗಳಿಗೆ ತಲೆಯಿಂದ ಬೆನ್ನ ತನಕ ಇಳಿಬಿಡುವ ಟೋಪಿ ಹೊಲಿಯುತ್ತೇವಲ್ಲ, ಅದು. ನೆತ್ತಿಯ ಭಾಗ ಗಿಣಿಯ ತಲೆ, ಬೆನ್ನಿನದು ರೆಕ್ಕೆ. ಸಿಂಧನೂರಿನಿಂದ ಹಸಿರು ಕಾಗದ ತರಿಸಿ, ಒಂದೊಂದೇ ಗರಿ ಕತ್ತರಿಸಿ, ಮೈದಾ ಅಂಟಿನಿಂದ ಅರಿವೆಗೆ ಅಂಟಿಸಿದೆ. ಕೊಕ್ಕಿಗೆ ರಟ್ಟು, ಅದಕ್ಕೆ ಕೆಂಪು ಬಣ್ಣ. ಎರಡು ಭಾನುವಾರ ಹೋದವು.

"ನಿನಗ್ಯಾಕ ಬೇಕಾಗೇತಿ ಈ ಉಸಾಬರಿ? ಕರದ್ರ ಹೋಗೂದು, ಕೇಕ್ ತಿಂದು ಬರೂದು" ಎಂದ ನನ್ನ ಗಂಡ.

"ನೀವು ಸುಮ್ನ ಕುಂದರ್ರಿ" ಎಂದೆ. ಅವಳು ನನ್ನ ಗಿಣಿಯಾಗಿ ನಾಲ್ಕು ಜನರೆದುರು ನಿಂತರೆ ನಾನೂ ಆ ಮನೆಯವಳೇ ಆಗಿಬಿಡುತ್ತೇನೆ ಎಂಬ ಹುಚ್ಚು ನನ್ನದು.

ಹುಟ್ಟುಹಬ್ಬದ ಮುಂಜಾನೆ ವೇಷವನ್ನು ತಾಯಿಯ ಕೈಗೆ ಕೊಟ್ಟುಬಂದೆ. ಸಂಜೆ ಇಸ್ತ್ರಿ ಸೀರೆ ಉಟ್ಟು ಹೋದರೆ ಕೂಸು ಗುಲಾಬಿ ಫ್ರಾಕಿನಲ್ಲಿ ಬಿಕ್ಕುತ್ತಾ ಕೂತಿದೆ. ತಾಯಿ ನನ್ನ ಕೈ ಹಿಡಿದು ಹಿತ್ತಲಿಗೆ ಎಳೆದೊಯ್ದಳು. ಹಗ್ಗದ ಮೇಲೆ ನನ್ನ ಗಿಣಿ ಜೋತುಬಿದ್ದಿತ್ತು. ಕಾಗದವೆಲ್ಲ ಕರಗಿ ಮುದ್ದೆಯಾಗಿತ್ತು, ಕೆಳಗಿನ ಕಲ್ಲಿನ ಮೇಲೆ ಹಸಿರು ನೀರು.

"ಒಮ್ಮಿ ನೀರಾಗ ಅದ್ದಿ ತಗೀತೀನಿ ಅಂದ್ರು ಅತ್ತಿ. ನಾ ಬ್ಯಾಡ ಅಂದೆರೀ" ಎಂದಳು.

ಅಷ್ಟರಲ್ಲಿ ಅತ್ತೆಯೇ ಬಂದಳು. "ತಪ್ಪು ತಿಳೀಬ್ಯಾಡವ್ವ. ನೀರು ಕಾಣಿಸದ ಹೊಸಾ ಅರಿವಿ ಕೂಸಿಗೆ ಹಾಕೂದಿಲ್ಲ ನಾವು. ಯಾರ ಮನಿಯಿಂದ ಬಂದ್ರೂ ಅಷ್ಟ."

ಅಲ್ಲ, ಕಾಗದವನ್ನು ಬಕೆಟ್ಟಿನಲ್ಲಿ ಅದ್ದುವವರು ಈ ಭೂಮಿಯ ಮೇಲೆ ಇದ್ದಾರೆಯೇ? ಕಣ್ಣಿಗೆ ಕಾಣಲಿಲ್ಲವೇ, ಕೈಗೆ ಹತ್ತಲಿಲ್ಲವೇ? ನನಗೆ ಮೈಯೆಲ್ಲ ಉರಿಯಿತು.

"ಹಂಗಾರ ಆ ಫ್ರಾಕಿಗೂ ನೀರು ಕಾಣಿಸೀರೇನ್ರೀ?" ಎಂದೆ. ಫ್ರಾಕಿನ ಮಡಿಕೆಗಳು ಇನ್ನೂ ಗರಿಗರಿಯಾಗಿದ್ದವು, ಕೊರಳ ಹಿಂದೆ ಬೆಲೆಯ ಚೀಟಿಯೂ ಇತ್ತು.

ಮುದುಕಿ ಎಳ್ಳಷ್ಟೂ ಅಳುಕಲಿಲ್ಲ. "ಅದು ಅಂಗಡ್ಯಾಗ ಕೊಂಡಿದ್ದವ್ವ" ಎಂದು ಒಳಗೆ ಹೋದಳು.

ನಾನು ಹಿತ್ತಲ ಬಾಗಿಲಿನಿಂದಲೇ ಮನೆಗೆ ಹೊರಟೆ. ತಾಯಿ ಅಡ್ಡ ನಿಂತಳು. "ಎಲ್ಲಾರೂ ಗಿಣಿ ಎಲ್ಲಿ ಅಂತ ಕೇಳಾಕತ್ತಾರ. ಬಣ್ಣ ಕಚ್ಚಾ ಇತ್ತು, ಕೆಟ್ಟು ಹೋತು ಅಂತ ನೀವ ಹೇಳಿಬಿಡ್ರಿ. ನಿಮ್ಮ ಕಾಲು ಬೀಳ್ತೀನಿ. ಇದು ದೊಡ್ಡದಾದ್ರ ಅತ್ತಿ ನಾಳಿಂದ ಕೂಸಿನ್ನ ನಿಮ್ಮ ಕಡಿ ಬಿಡೂದಿಲ್ಲ."

ಶಾಲೆಯಲ್ಲಿ ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವವಳು ನಾನು. ಒಳಗೆ ಹೋಗಿ ಜನರೆದುರು ನಿಂತು, "ಬಣ್ಣ ಕಚ್ಚಾ ಇತ್ರಿ, ನಂದ ತಪ್ಪು" ಎಂದೆ. "ಟೀಚರಾಗಿ ಇಷ್ಟೂ ತಿಳೀಲಿಲ್ಲೇನ್ರೀ?" ಎಂದು ಒಬ್ಬಾಕೆ ನಕ್ಕಳು. ಥೂ ನನ್ನ ಬಾಳಿಗೆ, ನಾನೂ ನಕ್ಕೆ.

ಕೂಸು ಅಜ್ಜಿಯ ಸೆರಗು ಜಗ್ಗಿತು. "ಗಿನಿ ಯಾರು ಕೆಡ್ಸ್ಯಾರ?"

"ಅಗೋ, ಅಲ್ಲಿ ನಿಂತಾಳಲ್ಲ, ಆಕಿನ್ನ ಕೇಳು" ಎಂದಳು ಅಜ್ಜಿ.

ದಿನಾ ಓಡಿಬಂದು ತೋಳಿಗೆ ಬೀಳುತ್ತಿದ್ದವಳು ಅಂದು ನಡೆದು ಬಂದಳು. ಮುಷ್ಟಿ ಕಟ್ಟಿ ನನ್ನ ಮೊಣಕಾಲಿಗೆ ಹೊಡೆದಳು. "ನೀ ಕೆಡ್ಸೀದಿ?"

ಮನೆ ತುಂಬ ಜನ ನನ್ನನ್ನೇ ನೋಡುತ್ತಿದ್ದರು.

"ಹೂಂನವ್ವ" ಎಂದೆ. "ನಾನ ಕೆಡಿಸೀನಿ."