ಕಾಪಿ ಹೊಡೆಯುವ ಮೇಷ್ಟ್ರು

ಕಿವಿ ಪರೀಕ್ಷೆಗೆ ನನ್ನಲ್ಲಿಗೆ ಬರುವ ಮುದುಕರಲ್ಲಿ ಈ ನಿವೃತ್ತ ಮೇಷ್ಟ್ರಂಥ ಕಳ್ಳರನ್ನು ನಾನು ಕಂಡಿಲ್ಲ. ಮೂವತ್ತು ವರ್ಷ ಕಾಪಿ ಹೊಡೆಯುವ ಹುಡುಗರ ಕಿವಿ ಹಿಂಡಿದ ಮಹಾನುಭಾವರು, ನನ್ನ ಗಾಜಿನ ಕೋಣೆಯೊಳಗೆ ಕೂತು ತಾವೇ ಕಾಪಿ ಹೊಡೆಯುತ್ತಾರೆ. ಸದ್ದು ಕೇಳಿದಾಗ ಒತ್ತಿ ಎಂದು ಕೈಗೆ ಗುಂಡಿ ಕೊಟ್ಟರೆ, ಗಾಜಿನಾಚೆ ಕೂತು ನಾನು ಸದ್ದು ಬಿಡುವಾಗ ಅಲುಗುವ ನನ್ನ ಮೊಣಕೈ ನೋಡಿಕೊಂಡು ಒತ್ತುತ್ತಾರೆ. ಗೋಡೆಗೆ ಮುಖ ಮಾಡಿ ಕೂರಿಸಿದರೆ, ಕನ್ನಡಕ ಒರೆಸುವ ನೆಪದಲ್ಲಿ ಅದರ ಗಾಜಿನಲ್ಲೇ ನನ್ನನ್ನು ಹಿಡಿಯುತ್ತಾರೆ. ಹೊರಗೆ ಬಂದವರೇ, "ಏನಯ್ಯಾ, ಪಾಸ್ ತಾನೇ?" ಎಂದು ಎದೆಯುಬ್ಬಿಸುತ್ತಾರೆ. "ಕಿವಿ ಕೇಳಿಸ್ದೆ ಇದ್ರೆ ಮರೆವೂ ಬೇಗ ಬರುತ್ತೆ ಸಾರ್, ಕಿವಿಗೆ ಮಿಷನ್ ಹಾಕ್ಕೊಳ್ಳಿ" ಎಂದು ಚೀಟಿಯಲ್ಲಿ ಬರೆದುಕೊಟ್ಟರೆ, ಅಕ್ಷರ ದುಂಡಗಿಲ್ಲವೆಂದು ಗದರಿಸಿ ವಾಪಸು ಕೊಡುತ್ತಾರೆ. ನಾಲ್ಕು ವರ್ಷ ಹೀಗೇ ನಡೆಯಿತು. ಮೊನ್ನೆ ಅವರನ್ನು ಮಗಳು ಕೈಹಿಡಿದು ಕರೆತಂದಳು. ಈ ಸಲ ಅವರಿಗೆ ಕಾಣಲೆಂದು ನಾನೇ ಬೇಕಂತಲೇ ಮೊಣಕೈ ಎತ್ತಿದೆ, ಇನ್ನೊಮ್ಮೆ ಎತ್ತಿದೆ. ಮೇಷ್ಟ್ರು ಅದನ್ನೇ ಗಮನವಿಟ್ಟು ನೋಡಿದರು. ಆಮೇಲೆ ಅಂಗೈಯಲ್ಲಿದ್ದ ಗುಂಡಿಯನ್ನು ನೋಡಿದರು. ಎದ್ದು ನಿಂತು, ಅದನ್ನು ಗಾಜಿನ ಹತ್ತಿರ ಹಿಡಿದು, ಮೆಲ್ಲಗೆ ಕೇಳಿದರು: "ಸಾರ್, ಇದನ್ನ ಏನ್ಮಾಡ್ಬೇಕು?"